ಹಳೆಯ ಕಾರು ಪೆಟ್ರೋಲ್ ಜಾಸ್ತಿ ಕುಡಿಯುತ್ತಿದೆಯೇ? ಕಾರ್ಬುರೇಟರ್ ಬಿಚ್ಚುವ ಮೊದಲು ಮಾಡಬೇಕಾದ ಪರೀಕ್ಷೆಗಳು

ನನ್ನದು 1996ರ ಮಾರುತಿ 800. ಮೊದಲು ಮಂಗಳೂರಿನಲ್ಲಿ ಓಡುತ್ತಿದ್ದ ಕಾರು. ಅದನ್ನು ಕೊಂಡು ಚಾರ್ಮಾಡಿ ಘಾಟಿ ಹತ್ತಿಸಿ ಚಿಕ್ಕಮಗಳೂರಿಗೆ ತಂದ ಕೆಲವು ತಿಂಗಳಿಗೆ ತೊಂದರೆ ಶುರುವಾಯಿತು. ಐಡ್ಲಿಂಗ್‌ನಲ್ಲಿ (ಗಾಡಿ ನಿಂತು ಎಂಜಿನ್ ಮಾತ್ರ ಓಡುವಾಗ) ಎಂಜಿನ್ ವೇಗ ಏರುತ್ತಿತ್ತು, ಇಳಿಯುತ್ತಿತ್ತು. ಹಿಂದೆ ನಿಂತವರ ಕಣ್ಣು ಉರಿಯುವಷ್ಟು ಹೊಗೆ. 17 ಕೊಡುತ್ತಿದ್ದ ಮೈಲೇಜ್ 11ಕ್ಕೆ ಇಳಿಯಿತು. ಒಂದು ಗ್ಯಾರೇಜಿನಲ್ಲಿ ಎರಡು ಸಲ ಕಾರ್ಬುರೇಟರ್ (ಗಾಳಿಗೆ ಪೆಟ್ರೋಲ್ ಬೆರೆಸಿ ಎಂಜಿನ್ನಿಗೆ ಕೊಡುವ ಭಾಗ) ಬಿಚ್ಚಿ ತೊಳೆದರು, ರಿಪೇರಿ ಕಿಟ್ ಹಾಕಿದರು. ಕೊನೆಗೆ ಹೊಸ ಕಾರ್ಬುರೇಟರೇ ಬೇಕು ಎಂದರು. ಆದರೆ ದೋಷ ಇದ್ದದ್ದು ಕಾರ್ಬುರೇಟರಿನ ಹೊರಗೆ. ಚೋಕ್ (ತಣ್ಣಗಿನ ಎಂಜಿನ್ ಸ್ಟಾರ್ಟ್ ಮಾಡಲು ಗಾಳಿ ತಡೆಯುವ ಏರ್ಪಾಡು) ಕೇಬಲ್ಲಿನ ಕ್ಲಿಪ್ ಜಾರಿತ್ತು. ಅದರಿಂದಾಗಿ ಇನ್ನೊಂದು ಕಡೆಯೂ ಹಾಳಾಗಿತ್ತು, ಅದನ್ನು ಮುಂದೆ ಹೇಳುತ್ತೇನೆ.

ಆ ಅನುಭವದ ಮೇಲೆ ನಾನು ಹಿಡಿದುಕೊಂಡ ಕ್ರಮ ಇದು. ಎಂಜಿನ್ ಯಾವಾಗ ರಿಚ್ ಆಗುತ್ತಿದೆ, ಅಂದರೆ ಗಾಳಿಗೆ ಹೋಲಿಸಿದರೆ ಪೆಟ್ರೋಲ್ ಜಾಸ್ತಿ ಕುಡಿಯುತ್ತಿದೆ ಎಂದು ಮೊದಲು ಗೊತ್ತುಮಾಡಿಕೊಳ್ಳಬೇಕು. ಐಡ್ಲಿಂಗ್‌ನಲ್ಲಾ, ಸಮ ವೇಗದಲ್ಲಾ, ಏರು ಹತ್ತುವಾಗಲಾ, ಎಂಜಿನ್ ಬಿಸಿಯಾದ ಮೇಲೆ ಮಾತ್ರವಾ? ಇದಕ್ಕೆ ಉತ್ತರ ಸಿಕ್ಕರೆ ಅರ್ಧ ಕೆಲಸ ಮುಗಿದ ಹಾಗೆ. ಅದಿಲ್ಲದೆ ಸ್ಕ್ರೂ ತಿರುಗಿಸಲು ಹೋದರೆ ಒಂದು ದೋಷದ ಜೊತೆ ಇನ್ನೆರಡು ಸೇರುತ್ತವೆ. ಇಲ್ಲಿ ಉದಾಹರಣೆಗಳನ್ನು ಹೆಚ್ಚಾಗಿ ಮಾರುತಿ 800ರಿಂದ ಕೊಟ್ಟಿದ್ದೇನೆ. ಪದ್ಮಿನಿ, ಅಂಬಾಸಿಡರ್, ಓಮ್ನಿಗಳಿಗೂ ತರ್ಕ ಇದೇ.

ರಿಚ್ ಎಂದರೆ ಏನು?

ಪೆಟ್ರೋಲ್ ಪೂರ್ತಿ ಉರಿಯಬೇಕಾದರೆ ತೂಕದ ಲೆಕ್ಕದಲ್ಲಿ 1 ಪಾಲು ಪೆಟ್ರೋಲಿಗೆ ಸುಮಾರು 14.7 ಪಾಲು ಗಾಳಿ ಬೇಕು. ಗಾಳಿ ಇದಕ್ಕಿಂತ ತೀರಾ ಕಡಿಮೆಯಾದರೆ, ಅಥವಾ ಪೆಟ್ರೋಲ್ ಜಾಸ್ತಿಯಾದರೆ, ಉರಿಯದೆ ಉಳಿದದ್ದು ಮಸಿಯಾಗಿ ಸೈಲೆನ್ಸರಿನಿಂದ ಹೊರಬರುತ್ತದೆ. ಸ್ವಲ್ಪ ಭಾಗ ಸಿಲಿಂಡರ್ ಗೋಡೆಯಲ್ಲಿ ಇಳಿದು ಎಂಜಿನ್ ಆಯಿಲ್‌ಗೆ ಸೇರುತ್ತದೆ. ಆಯಿಲ್ ತೆಳುವಾದರೆ ಬೇರಿಂಗ್, ಪಿಸ್ಟನ್ ರಿಂಗ್ ಬೇಗ ಸವೆಯುತ್ತವೆ. ಹಾಗಾಗಿ ಇದು ಬರೀ ಪೆಟ್ರೋಲ್ ಖರ್ಚಿನ ವಿಷಯವಲ್ಲ.

ಎತ್ತರವೂ ಲೆಕ್ಕಕ್ಕೆ ಬರುತ್ತದೆ. ಸಮುದ್ರ ಮಟ್ಟದಿಂದ 1000 ಮೀಟರ್ ಮೇಲೆ ಹೋದರೆ ಗಾಳಿಯ ಸಾಂದ್ರತೆ ಹತ್ತಿರಹತ್ತಿರ ನೂರಕ್ಕೆ 10ರಷ್ಟು ಕಡಿಮೆ. ಕಾರ್ಬುರೇಟರಿಗೆ ಇದು ತಿಳಿಯುವುದಿಲ್ಲ. ಮಂಗಳೂರಿನಲ್ಲಿ ಸರಿಯಾಗಿ ಹೊಂದಿಸಿದ್ದ ಮಿಕ್ಸ್ಚರ್ (ಗಾಳಿ-ಪೆಟ್ರೋಲ್ ಮಿಶ್ರಣ) ಚಿಕ್ಕಮಗಳೂರಿನಲ್ಲಿ ಸುಮಾರು ನೂರಕ್ಕೆ 5ರಷ್ಟು ರಿಚ್ ಆಗುತ್ತದೆ. ಕರಾವಳಿಯಿಂದ ಬೆಂಗಳೂರಿಗೆ ಕಾರು ತಂದವರಿಗೂ ಹೆಚ್ಚುಕಡಿಮೆ ಇದೇ ಅನ್ವಯ. ಐಡ್ಲಿಂಗ್ ಸ್ವಲ್ಪ ಭಾರವಾದರೆ ಇದು ಕಾರಣವಾಗಿರಬಹುದು. ಕಪ್ಪು ಹೊಗೆಗೆ, ಮೈಲೇಜ್ ಮೂರನೇ ಒಂದು ಭಾಗ ಬಿದ್ದುಹೋಗುವುದಕ್ಕೆ ಎತ್ತರ ಕಾರಣವಲ್ಲ.

ಈಗಿನ 20% ಎಥನಾಲ್ ಬೆರೆಸಿದ ಪೆಟ್ರೋಲಿನಿಂದ ರಿಚ್ ಆಗುತ್ತದೆ ಎಂದು ಕೆಲವರು ಹೇಳುತ್ತಾರೆ. ಅದು ಉಲ್ಟಾ. ಎಥನಾಲ್‌ನಲ್ಲಿ ಆಮ್ಲಜನಕ ಇರುವುದರಿಂದ ಅದೇ ಜೆಟ್‌ನಲ್ಲಿ (ಪೆಟ್ರೋಲ್ ಅಳೆದು ಬಿಡುವ ಸಣ್ಣ ತೂತು) ಮಿಕ್ಸ್ಚರ್ ಲೀನ್ ಕಡೆಗೆ, ಅಂದರೆ ಗಾಳಿ ಜಾಸ್ತಿಯಾಗುವ ಕಡೆಗೆ ಹೋಗುತ್ತದೆ. ಈ ಪೆಟ್ರೋಲ್ ಹಾಕಿಯೂ ಕಾರು ಕಪ್ಪು ಹೊಗೆ ಬಿಡುತ್ತಿದ್ದರೆ ದೋಷ ದೊಡ್ಡದೇ ಇದೆ ಎಂದರ್ಥ. ಎಥನಾಲ್ ಕಾಟ ಕೊಡುವುದು ಬೇರೆ ದಾರಿಯಲ್ಲಿ: ಹಳೆಯ ರಬ್ಬರ್ ಪೈಪು, ಡಯಾಫ್ರಂಗಳನ್ನು (ತೆಳು ರಬ್ಬರ್ ಪರದೆ) ಮೆತ್ತಗೆ ಮಾಡುತ್ತದೆ. ಅವುಗಳ ಚೂರು, ಕಾರ್ಬುರೇಟರಿಗೆ ಬರುವ ಪೆಟ್ರೋಲನ್ನು ತಡೆದು ಬಿಡುವ ನೀಡಲ್ ವಾಲ್ವಿನಲ್ಲಿ ಸಿಕ್ಕಿಕೊಂಡರೆ ಓವರ್‌ಫ್ಲೋ ಶುರುವಾಗುತ್ತದೆ.

ಕೆಲಸಕ್ಕೆ ಕೈ ಹಾಕುವ ಮುನ್ನ

ಇದು ಪೆಟ್ರೋಲಿನ ಕೆಲಸ, ದಯವಿಟ್ಟು ಹಗುರವಾಗಿ ತೆಗೆದುಕೊಳ್ಳಬೇಡಿ. ಬಯಲಲ್ಲಿ ಮಾಡಿ, ಬಾಗಿಲು ಹಾಕಿದ ಶೆಡ್ಡಿನಲ್ಲಿ ಬೇಡ. ಪುಡಿ ತುಂಬಿದ ಬೆಂಕಿ ಆರಿಸುವ ಸಿಲಿಂಡರ್ ಕೈಗೆಟುಕುವಂತಿರಲಿ. ಯಾರಾದರೂ ಸೆಲ್ಫ್ ಹೊಡೆಯುತ್ತಿರುವಾಗ ಕಾರ್ಬುರೇಟರ್ ಬಾಯಿಯ ಮೇಲೆ ಮುಖ ಇಡಬೇಡಿ, ಬ್ಯಾಕ್‌ಫೈರ್ ಆದರೆ ಬೆಂಕಿ ಮೇಲೆ ನುಗ್ಗುತ್ತದೆ. ಪೆಟ್ರೋಲ್ ಪೈಪು ಬಿಚ್ಚುವಾಗ ಬ್ಯಾಟರಿಯ ನೆಗೆಟಿವ್ ತಂತಿ ತೆಗೆದಿಡಿ.

ಬೇಕಾಗುವ ಸಾಮಾನು ಹೆಚ್ಚೇನಿಲ್ಲ. ಪ್ಲಗ್ ಸ್ಪ್ಯಾನರ್, ಸ್ಕ್ರೂ ಡ್ರೈವರ್, ಟಾರ್ಚ್, ಒಂದು ತುಂಡು ರಟ್ಟು, ಸಾಧ್ಯವಾದರೆ ಆರ್‌ಪಿಎಂ ಮೀಟರ್. ಎಲ್ಲಕ್ಕಿಂತ ಮುಖ್ಯವಾಗಿ ಒಂದು ನೋಟ್‌ಬುಕ್. ಏನು ತಿರುಗಿಸಿದಿರಿ, ಎಷ್ಟು ಸುತ್ತು, ಆಮೇಲೆ ಏನಾಯಿತು, ಎಲ್ಲ ಬರೆದುಕೊಳ್ಳಿ. ಒಂದು ಸಲಕ್ಕೆ ಒಂದೇ ಬದಲಾವಣೆ.

ಮೊದಲ ಹೆಜ್ಜೆ: ನಿಜಕ್ಕೂ ರಿಚ್ಚಾ?

ಹೊಗೆಯ ಬಣ್ಣ ನೋಡಿ. ಕಪ್ಪಾದರೆ ಪೆಟ್ರೋಲ್, ನೀಲಿಯಾದರೆ ಆಯಿಲ್. ಎಂಜಿನ್ ಬಿಸಿಯಾದ ಮೇಲೂ ದಟ್ಟ ಬಿಳಿ ಹೊಗೆ ನಿಲ್ಲದಿದ್ದರೆ ಕೂಲಂಟ್. ಸೈಲೆನ್ಸರ್ ತುದಿ ತಣ್ಣಗಿರುವಾಗ ಒಳಗೆ ಬೆರಳು ಆಡಿಸಿ. ಒಣ ಮಸಿ ಬಂದರೆ ಪೆಟ್ರೋಲಿನದು, ಜಿಡ್ಡಾಗಿ ಅಂಟಿದರೆ ಆಯಿಲಿನದು.

ಮುಂದೆ ಪ್ಲಗ್. ಪ್ಲಗ್ ತೊಳೆದು ಹಾಕಿ 10–15 ಕಿಲೋಮೀಟರ್ ಒಂದೇ ವೇಗದಲ್ಲಿ ಓಡಿಸಿ. ರಸ್ತೆ ಬದಿಗೆ ನಿಲ್ಲಿಸಿ, ಐಡ್ಲಿಂಗ್‌ನಲ್ಲಿ ಬಿಡದೆ ಕೂಡಲೇ ಆಫ್ ಮಾಡಿ. ಎಂಜಿನ್ ತಣ್ಣಗಾದ ಮೇಲೆ ಪ್ಲಗ್ ತೆಗೆಯಿರಿ. ಮಾರುತಿಯ ಸಿಲಿಂಡರ್ ಹೆಡ್ ಅಲ್ಯೂಮಿನಿಯಂನದು, ಬಿಸಿಯಲ್ಲಿ ತೆಗೆಯಲು ಹೋದರೆ ಥ್ರೆಡ್ ಕಿತ್ತು ಬರುತ್ತದೆ. ಪ್ಲಗ್ಗಿನ ಬಿಳಿ ಪಿಂಗಾಣಿ ತಿಳಿ ಕಂದು ಅಥವಾ ಬೂದು ಬಣ್ಣಕ್ಕಿದ್ದರೆ ಸರಿ. ಕಾಡಿಗೆಯಂಥ ಒಣ ಕಪ್ಪು ಇದ್ದರೆ ರಿಚ್.

ಇಲ್ಲೊಂದು ಮುಖ್ಯ ವಿಷಯ. ಮಾರುತಿಗೆ ಮೂರು ಸಿಲಿಂಡರ್, ಮೂರಕ್ಕೂ ಒಂದೇ ಕಾರ್ಬುರೇಟರ್. ಮೂರೂ ಪ್ಲಗ್ ಒಂದೇ ಥರ ಕಪ್ಪಾಗಿದ್ದರೆ ಸಂಶಯ ಪೆಟ್ರೋಲ್ ಕಡೆಗೆ. ಒಂದೇ ಒಂದು ಕಪ್ಪಾಗಿದ್ದರೆ ಕಾರ್ಬುರೇಟರಿನ ತಪ್ಪಿಲ್ಲ. ಆ ಸಿಲಿಂಡರಿನ ಪ್ಲಗ್, ಪ್ಲಗ್ ತಂತಿ, ಡಿಸ್ಟ್ರಿಬ್ಯೂಟರ್ ಕ್ಯಾಪ್ ಮತ್ತು ಕಂಪ್ರೆಷನ್ ನೋಡಬೇಕು.

ನಮ್ಮಲ್ಲಿ ಹೆಚ್ಚಿನವರು ಮರೆಯುವ ಸಾಕ್ಷಿಯೊಂದಿದೆ: ಎಮಿಷನ್ ಟೆಸ್ಟಿನ ಚೀಟಿ. ಪಾಸಾಯಿತಾ ಎಂದಷ್ಟೇ ನೋಡಿ ಡ್ಯಾಶ್‌ಬೋರ್ಡ್ ಒಳಗೆ ಹಾಕುತ್ತೇವೆ, ಅಲ್ವಾ? ಅದರಲ್ಲಿ ಎರಡು ಸಂಖ್ಯೆ ಇರುತ್ತವೆ. ಭಾರತ್ ಸ್ಟೇಜ್ 2 (ವಾಹನದ ಹೊಗೆಗೆ ಮಿತಿ ಹಾಕುವ ನಿಯಮ) ಬರುವುದಕ್ಕಿಂತ ಮುಂಚಿನ ಪೆಟ್ರೋಲ್ ಕಾರುಗಳಿಗೆ ಐಡ್ಲಿಂಗ್‌ನಲ್ಲಿ ಕಾರ್ಬನ್ ಮಾನಾಕ್ಸೈಡ್ 3% ಮೀರಬಾರದು, ಹೈಡ್ರೋಕಾರ್ಬನ್ 1500 ಪಿಪಿಎಂ ಮೀರಬಾರದು. ಕಾರ್ಬನ್ ಮಾನಾಕ್ಸೈಡ್ ಜಾಸ್ತಿ ಇದ್ದರೆ ಮಿಕ್ಸ್ಚರ್ ರಿಚ್. ಅದು ಕಡಿಮೆ ಇದ್ದು ಹೈಡ್ರೋಕಾರ್ಬನ್ ಮಾತ್ರ ಏರಿದ್ದರೆ ಎಂಜಿನ್ ಮಿಸ್ಸಿಂಗ್ ಆಗುತ್ತಿದೆ, ಪೆಟ್ರೋಲ್ ಉರಿಯದೆ ಹಾಗೇ ಹೊರಬರುತ್ತಿದೆ. ಆಗ ಸ್ಪಾರ್ಕ್ ಕಡೆ ನೋಡಿ. ಇಷ್ಟು ಕಡಿಮೆ ದುಡ್ಡಿಗೆ ಇಷ್ಟು ಸ್ಪಷ್ಟ ಉತ್ತರ ಕೊಡುವ ಪರೀಕ್ಷೆ ಬೇರೆ ಇಲ್ಲ.

ಮನೆಯಲ್ಲೇ ಮಾಡಬಹುದಾದದ್ದು ಗಾಳಿ ಬಿಡುವ ಪರೀಕ್ಷೆ. ಎಂಜಿನ್ ಬಿಸಿಯಾಗಿ ಐಡ್ಲಿಂಗ್‌ನಲ್ಲಿರಲಿ. ಇನ್‌ಟೇಕ್ ಮ್ಯಾನಿಫೋಲ್ಡಿಗೆ (ಕಾರ್ಬುರೇಟರಿನಿಂದ ಸಿಲಿಂಡರುಗಳಿಗೆ ಮಿಕ್ಸ್ಚರ್ ಒಯ್ಯುವ ಕೊಳವೆ) ಹೋಗುವ ಒಂದು ಸಣ್ಣ ವ್ಯಾಕ್ಯೂಂ ಪೈಪನ್ನು ಬಿಚ್ಚಿ, ಮ್ಯಾನಿಫೋಲ್ಡ್ ಕಡೆಯ ತೂತನ್ನು ಹೆಬ್ಬೆರಳಲ್ಲಿ ಮುಚ್ಚಿ ನಿಧಾನಕ್ಕೆ ಸ್ವಲ್ಪವೇ ತೆರೆಯಿರಿ. ಎಂಜಿನ್ ವೇಗ ಏರಿ ನಯವಾದರೆ ಅದಕ್ಕೆ ಗಾಳಿ ಸಾಲುತ್ತಿರಲಿಲ್ಲ, ಅಂದರೆ ರಿಚ್. ವೇಗ ಬಿದ್ದು ನಡುಗಿದರೆ ರಿಚ್ ಅಲ್ಲ. ಅನುಮಾನವಿದ್ದರೆ ಉಲ್ಟಾ ಪರೀಕ್ಷೆಯನ್ನೂ ಮಾಡಿ. ಏರ್ ಕ್ಲೀನರ್ ತೆಗೆದು ಕಾರ್ಬುರೇಟರ್ ಬಾಯನ್ನು ರಟ್ಟಿನಿಂದ ಅರ್ಧ ಮುಚ್ಚಿ. ಎಂಜಿನ್ ಚುರುಕಾದರೆ ಅದು ಲೀನ್ ಇತ್ತು.

ಮೋರಿಸ್ ಮೈನರ್‌ನಂಥ ಎಸ್‌ಯು ಕಾರ್ಬುರೇಟರಿನ ಕಾರು ಇರುವವರಿಗೆ ಇನ್ನೂ ಸುಲಭ. ಕಾರ್ಬುರೇಟರಿನೊಳಗಿನ ಪಿಸ್ಟನ್ನನ್ನು (ಎಂಜಿನ್ನಿನದಲ್ಲ) ಒಂದು ಮಿಲಿಮೀಟರಿಗಿಂತ ಸ್ವಲ್ಪ ಕಡಿಮೆ ಎತ್ತಿ ಹಿಡಿಯಿರಿ. ವೇಗ ಏರಿ ಹಾಗೇ ನಿಂತರೆ ರಿಚ್. ಕ್ಷಣ ಏರಿ ಮತ್ತೆ ಮೊದಲಿನಂತಾದರೆ ಸರಿ. ಎಂಜಿನ್ ನಿಂತೇ ಹೋದರೆ ಲೀನ್.

ಎರಡನೇ ಹೆಜ್ಜೆ: ಏರ್ ಫಿಲ್ಟರ್ ಮತ್ತು ಚೋಕ್

ಏರ್ ಫಿಲ್ಟರ್ ತೆಗೆದು ಹತ್ತು ನಿಮಿಷ ಓಡಿಸಿ ನೋಡಿ. ವ್ಯತ್ಯಾಸ ಕಂಡರೆ ಹೊಸದು ಹಾಕಿ, ಮುಗಿಯಿತು. ಮಣ್ಣು ರಸ್ತೆಯಲ್ಲಿ ಈ ಪರೀಕ್ಷೆ ಬೇಡ.

ಚೋಕ್‌ಗೆ ಸಮಯ ಕೊಡಿ. ಮಾರುತಿ 800ರಲ್ಲಿ ಕೈಯಿಂದ ಎಳೆಯುವ ಚೋಕ್. ನಾಬ್ ಪೂರ್ತಿ ಒಳಗೆ ಹೋಗಿದೆ ಎಂದಮಾತ್ರಕ್ಕೆ ಒಳಗಿನ ತಟ್ಟೆ, ಅಂದರೆ ಬಟರ್‌ಫ್ಲೈ ಪೂರ್ತಿ ತೆರೆದಿದೆ ಎಂದುಕೊಳ್ಳಬೇಡಿ. ಕೇಬಲ್ಲಿನ ಹೊರಕವಚವನ್ನು ಹಿಡಿದಿರುವ ಕ್ಲಿಪ್ ಒಂಚೂರು ಜಾರಿದರೂ ಸಾಕು, ಬಟರ್‌ಫ್ಲೈ ಓರೆಯಾಗಿ ನಿಲ್ಲುತ್ತದೆ. ಎಂಜಿನ್ ಆಫ್ ಇರುವಾಗ ಏರ್ ಕ್ಲೀನರ್ ತೆಗೆದು ಮೇಲಿನಿಂದ ಟಾರ್ಚ್ ಬಿಡಿ. ಒಬ್ಬರು ನಾಬ್ ಎಳೆದು ಬಿಡಲಿ. ಎಳೆದಾಗ ಬಟರ್‌ಫ್ಲೈ ಮುಚ್ಚಬೇಕು, ಬಿಟ್ಟಾಗ ನೆಟ್ಟಗೆ ನಿಲ್ಲಬೇಕು, ಅದರ ಅಂಚು ಮಾತ್ರ ಕಾಣಬೇಕು. ನನ್ನ ಕಾರಿನಲ್ಲಿ ಅದು ಕಾಲು ಭಾಗ ಮುಚ್ಚಿಕೊಂಡೇ ಇತ್ತು. ಕಾರ್ಬುರೇಟರ್ ಬಿಚ್ಚಿ ಹಾಕಿದವರು ಕೇಬಲ್ಲನ್ನು ಅದೇ ಹಳೇ ಗುರುತಿಗೆ ಜೋಡಿಸಿದ್ದರು. ಎರಡು ಸಲವೂ.

ಕೇಬಲ್ ಕಳಚಿಟ್ಟು ಬಟರ್‌ಫ್ಲೈಯನ್ನು ಕೈಯಲ್ಲಿ ಆಡಿಸಿ. ಆಗಲೂ ಬಿಗಿಯಾಗಿದ್ದರೆ ಶಾಫ್ಟಿನಲ್ಲಿ ಕೊಳೆ ಕಟ್ಟಿದೆ. ಕಾರ್ಬುರೇಟರ್ ಕ್ಲೀನರ್ ಸ್ಪ್ರೇ ಹೊಡೆದು ಬಿಡಿಸಿ. ಗ್ರೀಸ್ ಹಚ್ಚಬೇಡಿ, ದೂಳು ಅಂಟುತ್ತದೆ.

ಮೂರನೇ ಹೆಜ್ಜೆ: ಮಿಕ್ಸ್ಚರ್ ಸ್ಕ್ರೂ ಏನು ಹೇಳುತ್ತದೆ?

ಇದನ್ನು ರಿಪೇರಿಗೆ ಅಂತಲ್ಲ, ಪರೀಕ್ಷೆಗೆ ಬಳಸಿ. ಎಂಜಿನ್ ಬಿಸಿಯಾಗಿ ಓಡುತ್ತಿರಲಿ. ಕಾರ್ಬುರೇಟರಿನ ಬುಡದಲ್ಲಿರುವ ಐಡಲ್ ಮಿಕ್ಸ್ಚರ್ ಸ್ಕ್ರೂವನ್ನು ಬಲಕ್ಕೆ ಅರ್ಧರ್ಧ ಸುತ್ತು ತಿರುಗಿಸುತ್ತಾ ಹೋಗಿ, ಸುತ್ತು ಎಣಿಸಿ ಬರೆದುಕೊಳ್ಳಿ. ಪೆಟ್ರೋಲ್ ಕಡಿಮೆಯಾಗುತ್ತಾ ಬಂದು, ಸ್ಕ್ರೂ ಪೂರ್ತಿ ಕೂರುವ ಹೊತ್ತಿಗೆ ಎಂಜಿನ್ ನಡುಗಿ ನಿಲ್ಲಬೇಕು. ಕೂತಾಗ ಬಿಗಿ ಮಾಡಬೇಡಿ, ಮೊನಚು ತುದಿಗೆ ಗೀರು ಬಿದ್ದರೆ ಮತ್ತೆ ಐಡ್ಲಿಂಗ್ ಸರಿಯಾಗಿ ಕೂರುವುದಿಲ್ಲ.

ಎಂಜಿನ್ ನಿಂತರೆ ಐಡಲ್ ದಾರಿ ಸರಿಯಿದೆ, ಸ್ಕ್ರೂ ಜಾಸ್ತಿ ಬಿಚ್ಚಿತ್ತು ಅಷ್ಟೆ. ಸ್ಕ್ರೂ ಪೂರ್ತಿ ಮುಚ್ಚಿದರೂ ಎಂಜಿನ್ ಆರಾಮಾಗಿ ಓಡುತ್ತಿದ್ದರೆ ಪೆಟ್ರೋಲ್ ಬೇರೆ ಕಡೆಯಿಂದ ಬರುತ್ತಿದೆ. ಕಾರಣ ಮೂರರಲ್ಲಿ ಒಂದು. ಐಡ್ಲಿಂಗ್ ವೇಗ ಹೊಂದಿಸುವ ಸ್ಪೀಡ್ ಸ್ಕ್ರೂ ಜಾಸ್ತಿ ಬಿಗಿದು ಥ್ರಾಟಲ್ (ಆಕ್ಸಿಲರೇಟರ್ ತುಳಿದಾಗ ತೆರೆಯುವ ತಟ್ಟೆ) ತುಸು ತೆರೆದೇ ಇರಬಹುದು. ಫ್ಲೋಟ್ ಚೇಂಬರಿನಲ್ಲಿ (ಕಾರ್ಬುರೇಟರಿನೊಳಗೆ ಪೆಟ್ರೋಲ್ ನಿಲ್ಲುವ ಸಣ್ಣ ಕೋಣೆ; ಅದರಲ್ಲಿ ತೇಲುವ ಫ್ಲೋಟ್ ಏರಿದಾಗ ನೀಡಲ್ ವಾಲ್ವ್ ಮುಚ್ಚುತ್ತದೆ) ಪೆಟ್ರೋಲ್ ಮಟ್ಟ ಏರಿರಬಹುದು. ಇಲ್ಲವೇ ಆಯಿಲ್ ಕಡೆಯಿಂದ ಪೆಟ್ರೋಲ್ ಆವಿ ಬರುತ್ತಿರಬಹುದು.

ನಾಲ್ಕನೇ ಹೆಜ್ಜೆ: ಫ್ಲೋಟ್ ಮತ್ತು ನೀಡಲ್ ವಾಲ್ವ್

ಎಲ್ಲ ವೇಗದಲ್ಲೂ ರಿಚ್ ಇದ್ದರೆ, ಅದರಲ್ಲೂ ತಿರುವಿನಲ್ಲಿ ಅಥವಾ ಬ್ರೇಕ್ ಹಾಕಿದಾಗ ಎಂಜಿನ್ ಉಸಿರು ಕಟ್ಟಿದಂತಾಗುತ್ತಿದ್ದರೆ, ಮೊದಲು ಇದನ್ನೇ ನೋಡಿ. ಮಾರುತಿಯ ಕಾರ್ಬುರೇಟರಿನಲ್ಲಿ ಫ್ಲೋಟ್ ಚೇಂಬರಿಗೆ ಒಂದು ಸಣ್ಣ ಗಾಜಿನ ಕಿಟಕಿ ಇದೆ, ನಡುವೆ ದುಂಡು ಗುರುತು. ಸಮತಟ್ಟು ಜಾಗದಲ್ಲಿ, ಐಡ್ಲಿಂಗ್‌ನಲ್ಲಿ, ಪೆಟ್ರೋಲ್ ಆ ಗುರುತಿನೊಳಗೆ ಇರಬೇಕು. ಗಾಜು ಕೊಳೆಯಾಗಿ ಏನೂ ಕಾಣದಿದ್ದರೆ ಬಟ್ಟೆಯಲ್ಲಿ ಒರೆಸಿ ಹಿಂದಿನಿಂದ ಟಾರ್ಚ್ ಹಿಡಿಯಿರಿ.

ಗಾಜಿಲ್ಲದ ಕಾರ್ಬುರೇಟರಿಗೆ ಬೇರೆ ಉಪಾಯ. ಐಡ್ಲಿಂಗ್‌ನಲ್ಲಿ ಪಕ್ಕದಿಂದ, ಮುಖ ದೂರವಿಟ್ಟು, ಕಾರ್ಬುರೇಟರ್ ಬಾಯೊಳಗೆ ನೋಡಿ. ನಡುವಿನ ಮುಖ್ಯ ನಳಿಕೆ ಒಣಗಿರಬೇಕು. ಐಡ್ಲಿಂಗ್‌ನಲ್ಲಿ ಅಲ್ಲಿಂದ ಪೆಟ್ರೋಲ್ ಬರುವ ಕೆಲಸವೇ ಇಲ್ಲ. ಹನಿ ಹನಿ ಬೀಳುತ್ತಿದ್ದರೆ ಮಟ್ಟ ಏರಿದೆ.

ಹಾಗಾದರೆ ಮಟ್ಟ ಯಾಕೆ ಏರಿತು? ನೀಡಲ್ ಮತ್ತು ಅದರ ಸೀಟಿನ ನಡುವೆ ಕಸ ಸಿಕ್ಕಿರಬಹುದು, ಸವೆದಿರಬಹುದು. ನೀಡಲ್ ತುದಿಯಲ್ಲಿ ಉಗುರು ಆಡಿಸಿದರೆ ಸವೆದ ಗೆರೆ ತಿಳಿಯುತ್ತದೆ. ಹಿತ್ತಾಳೆ ಫ್ಲೋಟ್ ಆದರೆ ಕಿವಿ ಹತ್ತಿರ ಅಲ್ಲಾಡಿಸಿ. ಒಳಗೆ ಗುಳುಗುಳು ಎಂದರೆ ತೂತು ಬಿದ್ದು ಪೆಟ್ರೋಲ್ ತುಂಬಿದೆ. ಬಿಸಿ ನೀರಲ್ಲಿ ಮುಳುಗಿಸಿದರೆ ಗುಳ್ಳೆ ಏಳುವ ಜಾಗವೇ ತೂತು. ಪದ್ಮಿನಿಗೆ ಬರುತ್ತಿದ್ದಂಥ ಸೋಲೆಕ್ಸ್‌ಗಳಲ್ಲಿ ನೀಡಲ್ ವಾಲ್ವಿನ ಕೆಳಗಿನ ವಾಷರಿನ ದಪ್ಪವೇ ಮಟ್ಟವನ್ನು ತೀರ್ಮಾನಿಸುತ್ತದೆ. ಕಿಟ್ಟಿನ ತೆಳು ವಾಷರ್ ಹಾಕಿದರೆ ಮಟ್ಟ ಏರುತ್ತದೆ. ಅದಕ್ಕೇ ಹಳೆಯ ವಾಷರನ್ನು ಎಸೆಯುವ ಮುಂಚೆ ಹೊಸದರ ಪಕ್ಕ ಇಟ್ಟು ನೋಡಿ.

ಫ್ಲೋಟ್, ನೀಡಲ್ ಎರಡೂ ಚೆನ್ನಾಗಿದ್ದು ಮಟ್ಟ ಮಾತ್ರ ಏರುತ್ತಿದ್ದರೆ ಪಂಪಿನ ಒತ್ತಡ ಅಳೆಯಿರಿ. ಇಂಥ ಕಾರ್ಬುರೇಟರಿಗೆ ಸಾಮಾನ್ಯವಾಗಿ 2ರಿಂದ 4 ಪಿಎಸ್‌ಐ ಸಾಕು. ಹಳೆಯ ಮೆಕ್ಯಾನಿಕಲ್ ಪಂಪ್ ಕೆಟ್ಟಾಗ ಸಿಕ್ಕ ಎಲೆಕ್ಟ್ರಿಕ್ ಪಂಪ್ ಹಾಕಿಸಿದ್ದರೆ ಅದು ನೀಡಲನ್ನು ತಳ್ಳಿಕೊಂಡು ಒಳಗೆ ನುಗ್ಗುತ್ತದೆ. ಟ್ಯಾಂಕಿಗೆ ವಾಪಸ್ ಹೋಗುವ ರಿಟರ್ನ್ ಪೈಪ್ ಮಡಚಿಕೊಂಡಿದ್ದರೂ ಒತ್ತಡ ಏರುತ್ತದೆ.

ಒಂದನ್ನು ಮಾತ್ರ ದೋಷ ಎಂದುಕೊಳ್ಳಬೇಡಿ. ಬೇಸಿಗೆಯಲ್ಲಿ ದೂರ ಓಡಿಸಿ ಕಾಲು ಗಂಟೆ ನಿಲ್ಲಿಸಿದಾಗ ಸ್ಟಾರ್ಟ್ ಆಗಲು ಸತಾಯಿಸುವುದು, ಆದಮೇಲೆ ಒಮ್ಮೆ ಕಪ್ಪು ಹೊಗೆ ಬಿಡುವುದು. ಎಂಜಿನ್ನಿನ ಶಾಖಕ್ಕೆ ಚೇಂಬರಿನ ಪೆಟ್ರೋಲ್ ಕುದಿದು ಮ್ಯಾನಿಫೋಲ್ಡಿಗೆ ಇಳಿದಿರುತ್ತದೆ. ಆಕ್ಸಿಲರೇಟರ್ ಪೂರ್ತಿ ತುಳಿದು ಹಿಡಿದು ಸೆಲ್ಫ್ ಹೊಡೆಯಿರಿ. ಪದೇಪದೇ ತುಳಿಯಬೇಡಿ, ಪ್ರತಿ ತುಳಿತಕ್ಕೂ ಇನ್ನಷ್ಟು ಪೆಟ್ರೋಲ್ ಬೀಳುತ್ತದೆ. ದಿನಾ ಹೀಗಾದರೆ ಕಾರ್ಬುರೇಟರ್ ಕೆಳಗಿನ ದಪ್ಪ ಇನ್ಸುಲೇಟರ್ ಜಾಗದಲ್ಲಿದೆಯೇ ನೋಡಿ.

ಐದನೇ ಹೆಜ್ಜೆ: ಡಿಪ್ ಸ್ಟಿಕ್ ಮೂಸಿ

ನನ್ನನ್ನು ಅತಿ ಹೆಚ್ಚು ಕಾಡಿದ್ದು ಇದು. ಚೋಕ್ ಕೇಬಲ್ ಸರಿಮಾಡಿದ ಮೇಲೂ ಐಡ್ಲಿಂಗ್ ಭಾರವಾಗಿಯೇ ಇತ್ತು. ಮಿಕ್ಸ್ಚರ್ ಸ್ಕ್ರೂ ಮುಚ್ಚಿದರೂ ಎಂಜಿನ್ ನಿಲ್ಲುತ್ತಿರಲಿಲ್ಲ. ಫ್ಲೋಟ್ ಮಟ್ಟ ಗುರುತಿನಲ್ಲೇ ಇತ್ತು. ಕೊನೆಗೆ ಡಿಪ್ ಸ್ಟಿಕ್ ಎಳೆದರೆ ಆಯಿಲ್ ಮೇಲಿನ ಗೆರೆ ದಾಟಿತ್ತು, ಗಮ್ಮನೆ ಪೆಟ್ರೋಲ್ ವಾಸನೆ. ತಿಂಗಳುಗಟ್ಟಲೆ ಅರೆ ಚೋಕಿನಲ್ಲಿ ಓಡಿ ಪೆಟ್ರೋಲ್ ಆಯಿಲ್‌ಗೆ ಇಳಿದಿತ್ತು. ಎಂಜಿನ್ ಬಿಸಿಯಾದಾಗ ಅದು ಆವಿಯಾಗಿ, ಎಂಜಿನ್ನಿನ ಆಯಿಲ್ ಭಾಗದ ಆವಿ ಹೊರಹೋಗುವ ಬ್ರೀದರ್ ಪೈಪಿನ ಮೂಲಕ ಮತ್ತೆ ಎಂಜಿನ್ನೊಳಗೇ ಹೋಗುತ್ತಿತ್ತು. ಕಾರ್ಬುರೇಟರ್ ಎಷ್ಟೇ ಸರಿಯಿದ್ದರೂ ಏನು ಪ್ರಯೋಜನ?

ಪರೀಕ್ಷೆ ಸುಲಭ. ಎಂಜಿನ್ ಬಿಸಿಯಾಗಿರಲಿ. ಬ್ರೀದರ್ ಪೈಪುಗಳನ್ನು ಎಂಜಿನ್ ಕಡೆಯಿಂದ ಬಿಚ್ಚಿ, ಏರ್ ಕ್ಲೀನರ್ ಅಥವಾ ಮ್ಯಾನಿಫೋಲ್ಡ್ ಕಡೆಯ ತೂತನ್ನು ಮುಚ್ಚಿ. ಐಡ್ಲಿಂಗ್ ಗುಣ ಕೂಡಲೇ ಬದಲಾಗಿ ಸ್ವಚ್ಛವಾದರೆ ಆಯಿಲಿನಲ್ಲಿ ಪೆಟ್ರೋಲ್ ಇದೆ. ಆಯಿಲ್ ಮತ್ತು ಫಿಲ್ಟರ್ ಬದಲಿಸಿ. ಆದರೆ ಪೆಟ್ರೋಲ್ ಅಲ್ಲಿಗೆ ಹೋದದ್ದು ಹೇಗೆ ಎಂದೂ ತಿಳಿಯಬೇಕು. ಚೋಕ್ ಅಲ್ಲದಿದ್ದರೆ ಮೆಕ್ಯಾನಿಕಲ್ ಪಂಪಿನ ಡಯಾಫ್ರಂ ನೋಡಿ. ಅದು ಹರಿದರೆ ಪೆಟ್ರೋಲ್ ನೇರವಾಗಿ ಆಯಿಲ್‌ಗೆ ಇಳಿಯುತ್ತದೆ. ಪೆಟ್ರೋಲ್ ವಾಸನೆ ಗಟ್ಟಿಯಾಗಿದ್ದರೆ ಆಯಿಲ್ ಬದಲಿಸುವ ತನಕ ಕಾರು ಓಡಿಸಬೇಡಿ.

ಥರ್ಮೋಸ್ಟಾಟ್ (ಎಂಜಿನ್ ಬಿಸಿಯಾಗುವ ತನಕ ಕೂಲಂಟ್ ಹರಿಯದಂತೆ ತಡೆಯುವ ವಾಲ್ವ್) ವಿಷಯವೂ ಇಲ್ಲೇ ಬರುತ್ತದೆ. ಎಂಜಿನ್ ಬಿಸಿ ಜಾಸ್ತಿಯಾಗುತ್ತದೆ ಎಂದು ಅದನ್ನು ಕಿತ್ತೆಸೆದ ಹಳೆಯ ಕಾರುಗಳು ನಮ್ಮಲ್ಲಿ ತುಂಬಾ ಇವೆ. ಎಂಜಿನ್ ಬೇಕಾದ ಬಿಸಿಗೆ ಬರುವುದೇ ಇಲ್ಲ, ಪೆಟ್ರೋಲ್ ಸರಿಯಾಗಿ ಆವಿಯಾಗುವುದಿಲ್ಲ, ಓಡಿಸುವವರು ಚೋಕ್ ಎಳೆದುಕೊಂಡೇ ಹೋಗುತ್ತಾರೆ. ಅರ್ಧ ಗಂಟೆ ಓಡಿಸಿದರೂ ಟೆಂಪರೇಚರ್ ಮುಳ್ಳು ಕೆಳಗೇ ಇದ್ದರೆ ಥರ್ಮೋಸ್ಟಾಟ್ ಹಾಕಿಸಿ.

ಆರನೇ ಹೆಜ್ಜೆ: ಈಗ ಕಾರ್ಬುರೇಟರ್ ಬಿಚ್ಚಬಹುದು

ಐಡ್ಲಿಂಗ್ ಚೆನ್ನಾಗಿದ್ದು, 50–60 ವೇಗದಲ್ಲಿ ಮಾತ್ರ ರಿಚ್ ಇದ್ದರೆ ಸಂಶಯ ಮೇನ್ ಜೆಟ್ ಮತ್ತು ಅದರ ಏರ್ ಜೆಟ್ ಮೇಲೆ. ಏರ್ ಜೆಟ್ ಎಂಬ ಪದ ಗಮನಿಸಿ. ಪೆಟ್ರೋಲ್ ಜೆಟ್ ಕಟ್ಟಿಕೊಂಡರೆ ಲೀನ್ ಆಗುತ್ತದೆ, ಏರ್ ಜೆಟ್ ಕಟ್ಟಿಕೊಂಡರೆ ರಿಚ್ ಆಗುತ್ತದೆ. ಕಾರ್ಬುರೇಟರ್ ತೊಳೆಯುವವರು ಕೆಳಗಿನ ಪೆಟ್ರೋಲ್ ಜೆಟ್ಟುಗಳನ್ನು ಶ್ರದ್ಧೆಯಿಂದ ಊದುತ್ತಾರೆ, ಮೇಲಿನ ಸಣ್ಣ ಏರ್ ತೂತುಗಳನ್ನು ಬಿಟ್ಟುಬಿಡುತ್ತಾರೆ. ದೂಳು ಮೊದಲು ಕೂರುವುದೇ ಅಲ್ಲಿ. ಕ್ಲೀನರ್ ಸ್ಪ್ರೇ ಮತ್ತು ಕಂಪ್ರೆಸರ್ ಗಾಳಿ ಸಾಕು. ಪಿನ್ನು, ತಂತಿ ಹಾಕಬೇಡಿ. ಹಿತ್ತಾಳೆ ಮೆದು, ಒಂದು ಸಲ ತಂತಿ ಆಡಿಸಿದರೂ ತೂತು ದೊಡ್ಡದಾಗುತ್ತದೆ. ಜೆಟ್ಟಿನ ಮೇಲೆ ಕೆತ್ತಿದ ಸಂಖ್ಯೆಯನ್ನು ನಿಮ್ಮ ಕಾರಿನ ಸರ್ವಿಸ್ ಪುಸ್ತಕದ ಸಂಖ್ಯೆಯ ಜೊತೆ ಹೋಲಿಸಿ. ಹಿಂದಿನ ಮಾಲೀಕರು ಪಿಕಪ್ ಬೇಕೆಂದು ದೊಡ್ಡ ಜೆಟ್ ಹಾಕಿಸಿರುವುದು ಅಪರೂಪವಲ್ಲ.

ಏರಿನಲ್ಲಿ, ಜೋರಾಗಿ ತುಳಿದಾಗ ಸ್ವಲ್ಪ ರಿಚ್ ಆಗುವುದು ಸಹಜ, ಕಾರ್ಬುರೇಟರನ್ನು ಮಾಡಿರುವುದೇ ಹಾಗೆ. ವ್ಯಾಕ್ಯೂಂನಿಂದ ಮುಚ್ಚಿಕೊಳ್ಳುವ ಪವರ್ ವಾಲ್ವ್ ಇರುವ ಕಾರ್ಬುರೇಟರುಗಳಲ್ಲಿ ಡಯಾಫ್ರಂ ಹರಿದರೆ ಮಾತ್ರ ಆ ಹೆಚ್ಚಿನ ಪೆಟ್ರೋಲ್ ಸದಾ ಹರಿಯುತ್ತಿರುತ್ತದೆ. ತುಳಿದಾಗ ಪೆಟ್ರೋಲ್ ಚಿಮ್ಮಿಸುವ ಆಕ್ಸಿಲರೇಟರ್ ಪಂಪಿನ ಚೆಕ್ ವಾಲ್ವ್ ಸೋರಿದರೆ, ತುಳಿಯದೆ ಸಮ ವೇಗದಲ್ಲಿ ಓಡುವಾಗಲೂ ಅದರ ನಳಿಕೆಯಿಂದ ಪೆಟ್ರೋಲ್ ಸೆಳೆದುಕೊಳ್ಳುತ್ತದೆ.

ಎಲ್ಲ ಸರಿಮಾಡಿದ ಮೇಲೆ

ಹೊಸ ಆಯಿಲ್, ಸ್ವಚ್ಛ ಪ್ಲಗ್, ಡಿಸ್ಟ್ರಿಬ್ಯೂಟರಿನಲ್ಲಿ ಸರಿಯಾದ ಪಾಯಿಂಟ್ ಗ್ಯಾಪ್ ಮತ್ತು ಟೈಮಿಂಗ್ (ಸ್ಪಾರ್ಕ್ ಬರುವ ಹೊತ್ತು). ಇವು ಆದಮೇಲೆಯೇ ಐಡ್ಲಿಂಗ್ ಟ್ಯೂನ್ ಮಾಡಿ. ಎಂಜಿನ್ ಬಿಸಿಯಾಗಿರಲಿ, ಹೆಡ್‌ಲೈಟ್, ಫ್ಯಾನ್ ಆಫ್ ಇರಲಿ. ಸ್ಪೀಡ್ ಸ್ಕ್ರೂನಿಂದ ಸುಮಾರು 900 ಆರ್‌ಪಿಎಂಗೆ ತನ್ನಿ. ಮಿಕ್ಸ್ಚರ್ ಸ್ಕ್ರೂವನ್ನು ಆಚೀಚೆ ನಿಧಾನಕ್ಕೆ ತಿರುಗಿಸಿ, ವೇಗ ಅತಿ ಹೆಚ್ಚಾಗುವ ಜಾಗ ಹುಡುಕಿ. ಮತ್ತೆ ಸ್ಪೀಡ್ ಸ್ಕ್ರೂನಿಂದ 900ರ ಸ್ವಲ್ಪ ಮೇಲಕ್ಕೆ ಇಳಿಸಿ. ಈಗ ಮಿಕ್ಸ್ಚರ್ ಸ್ಕ್ರೂವನ್ನು ಬಲಕ್ಕೆ, ವೇಗ ತುಸು ಬೀಳುವ ತನಕ ಮಾತ್ರ ತಿರುಗಿಸಿ ಬಿಡಿ.

100 ಕಿಲೋಮೀಟರ್ ಓಡಿಸಿ ಪ್ಲಗ್ ಮತ್ತೊಮ್ಮೆ ನೋಡಿ. ಮೈಲೇಜನ್ನು ಫುಲ್ ಟ್ಯಾಂಕಿನಿಂದ ಫುಲ್ ಟ್ಯಾಂಕಿಗೆ, ಒಂದೇ ಬಂಕಿನಲ್ಲಿ ಹಾಕಿಸಿ ಲೆಕ್ಕ ಹಾಕಿ. ಆಮೇಲೆ ಎಮಿಷನ್ ಟೆಸ್ಟ್ ಮಾಡಿಸಿ. ನನ್ನ ಕಾರಿನ ಕಾರ್ಬನ್ ಮಾನಾಕ್ಸೈಡ್ 5ರ ಮೇಲಿದ್ದದ್ದು 1.2ಕ್ಕೆ ಬಂತು, ಮೈಲೇಜ್ 16 ದಾಟಿತು. ಆ ಚೀಟಿಯನ್ನು ನೋಟ್‌ಬುಕ್ಕಿನಲ್ಲಿ ಅಂಟಿಸಿ, ಪಕ್ಕದಲ್ಲಿ ಮಿಕ್ಸ್ಚರ್ ಸ್ಕ್ರೂ ಎಷ್ಟು ಸುತ್ತು ಬಿಚ್ಚಿದೆ ಎಂದು ಬರೆದಿಟ್ಟಿದ್ದೇನೆ. ಮುಂದಿನ ಟೆಸ್ಟಿನಲ್ಲಿ ಸಂಖ್ಯೆ ಏರಿದ್ದರೆ ಮೊದಲು ನೋಡುವುದು ಚೋಕ್ ಕೇಬಲ್ಲಿನ ಕ್ಲಿಪ್ಪನ್ನೇ.